ತೋಟದ ಗೇಟಿಗೆ ಬಂದ ಯುರೋಪಿನ ಕಾಗದ

(ಚಿಕ್ಕಮಗಳೂರಿನಲ್ಲಿ ಬೆಳೆಗಾರರು, ಹೋಂಸ್ಟೇ ನಡೆಸುವವರು, ಅಂಗಡಿ ಮಾಲೀಕರು, ಕಾಲೇಜು ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ. ಮಾತಿನ ಭರದಲ್ಲಿ ಬಿಟ್ಟುಹೋದ ಕೆಲವು ವಿವರಗಳನ್ನು ಆಮೇಲೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಡೇಟಾ, ಪ್ರೈವಸಿ, ಎಐ ಅಂದ ಕೂಡಲೇ "ಅದೆಲ್ಲ ಬೆಂಗಳೂರಿನ ಕಂಪನಿಗಳ ತಲೆನೋವು, ನಮಗ್ಯಾಕೆ" ಅನ್ನುವವರು ಈ ಕಡೆ ಜಾಸ್ತಿ. ಅದಕ್ಕೇ ನಾನು ಕಂಪ್ಯೂಟರಿನ ಮಾತು ಆಮೇಲೆ ತೆಗೆಯುತ್ತೇನೆ. ಮೊದಲು ಕಾಫಿ.

ಭಾರತದಲ್ಲಿ ಬೆಳೆಯುವ ಕಾಫಿಯಲ್ಲಿ ಅರ್ಧಕ್ಕಿಂತ ಎಷ್ಟೋ ಹೆಚ್ಚು ಹೊರದೇಶಕ್ಕೆ ಹೋಗುತ್ತದೆ. ಅದರಲ್ಲಿ ದೊಡ್ಡ ಪಾಲು ಯುರೋಪಿನದು. ಇಟಲಿಯವರು ನಮ್ಮ ಹಳೆಯ ಗಿರಾಕಿಗಳು. 2023ರಲ್ಲಿ ಯುರೋಪಿಯನ್ ಒಕ್ಕೂಟ ಕಾಡು ನಾಶ ತಡೆಯಲು ಒಂದು ನಿಯಮ ಮಾಡಿತು. ಕಾಫಿ, ಕೋಕೋ, ರಬ್ಬರ್, ತಾಳೆ ಎಣ್ಣೆ, ಸೋಯಾ, ದನ, ಮರ, ಇವು ಅದರ ಪಟ್ಟಿಯಲ್ಲಿವೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದದ್ದು ಯುರೋಪಿನ ಮಾರುಕಟ್ಟೆಗೆ ಬರುವಂತಿಲ್ಲ.

ಇದನ್ನು ಸಾಬೀತು ಮಾಡುವ ಹೊಣೆ ಯಾರದ್ದು? ಕಾನೂನಿನ ಪ್ರಕಾರ ಯುರೋಪಿನ ಆಮದುದಾರನದು. ಅವನು ಇಲ್ಲಿಯ ರಫ್ತುದಾರನನ್ನು ಕೇಳುತ್ತಾನೆ. ರಫ್ತುದಾರ, ಕಾಫಿ ಬೀಜ ಹದ ಮಾಡಿ ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್‌ನವರನ್ನು ಕೇಳುತ್ತಾನೆ. ಅವರು ನಿಮ್ಮನ್ನು ಕೇಳುತ್ತಾರೆ. ಕಳಸದ ಮೇಲಿನ ಎರಡು ಎಕರೆ ರೊಬಸ್ಟಾ ತೋಟದವರಿಗೂ ಒಂದು ಫಾರಂ ಬರುತ್ತದೆ. ಸರ್ವೆ ನಂಬರ್ ಸಾಲದು, ಅಕ್ಷಾಂಶ ರೇಖಾಂಶ ಬೇಕು, ಅದೂ ದಶಾಂಶದ ನಂತರ ಆರು ಅಂಕಿ. ತೋಟ 4 ಹೆಕ್ಟೇರಿಗಿಂತ ದೊಡ್ಡದಿದ್ದರೆ, ಅಂದರೆ ಹೆಚ್ಚು ಕಡಿಮೆ ಹತ್ತು ಎಕರೆ ದಾಟಿದರೆ, ಗಡಿಯ ಸುತ್ತ ಗೆರೆ ಎಳೆದ ನಕ್ಷೆಯೇ ಬೇಕು. ಆರು ಅಂಕಿ ಅಂದರೆ ಅರ್ಧ ಗೇಣಿನಷ್ಟು ನಿಖರ ಲೆಕ್ಕ. ಸಿಲ್ವರ್ ಓಕ್ ನೆರಳಿನಲ್ಲಿ ನಿಂತ ಫೋನಿಗೆ ಹತ್ತು ಅಡಿ ಆಚೀಚೆ ಹೇಳುವುದೇ ಕಷ್ಟ. ಈ ನಿಯಮ ಬರೆದವರು ತೋಟ ನೋಡಿದ್ದರೋ ಇಲ್ಲವೋ ಅಂತ ನನಗೆ ಆಗಾಗ ಅನಿಸುತ್ತದೆ.

ಈ ನಿಯಮ ಜಾರಿಗೆ ಬರುವ ದಿನವನ್ನು ಎರಡು ಸಲ ಮುಂದಕ್ಕೆ ಹಾಕಿದ್ದಾರೆ. ದೊಡ್ಡ ಕಂಪನಿಗಳಿಗೆ ಈಗ 2026ರ ಡಿಸೆಂಬರ್ 30, ಸಣ್ಣವರಿಗೆ 2027ರ ಜೂನ್ 30. ಆದರೆ ಫಾರಂ ತುಂಬಿಸಿಕೊಳ್ಳುವ ಕೆಲಸ ಈಗಾಗಲೇ ಶುರುವಾಗಿದೆ.

ಇದು ಕಾಡಿನ ಕಾನೂನು ಅಲ್ವಾ, ಪ್ರೈವಸಿ ಎಲ್ಲಿಂದ ಬಂತು ಅಂತ ಕೇಳಬಹುದು. ಹೊರಗೆ ಹೋದದ್ದು ಏನೇನು ನೋಡಿ. ನಿಮ್ಮ ಹೆಸರು, ಫೋನ್ ನಂಬರ್, ಪಹಣಿ, ತೋಟ ಇರುವ ಜಾಗ, ಎಷ್ಟು ಚೀಲ ಬೆಳೆದಿರಿ ಅನ್ನುವ ಲೆಕ್ಕ. ಎಷ್ಟೋ ಕಡೆ ಇದರ ಜೊತೆಗೆ ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಕೂಲಿಯವರ ಪಟ್ಟಿಯನ್ನೂ ಸೇರಿಸಿ ಕಳಿಸುತ್ತೇವೆ. ಯುರೋಪಿನ ಆ ನಿಯಮ ಆಧಾರ್ ಕೇಳುವುದಿಲ್ಲ. ಜಾಗ, ಪ್ರಮಾಣ, ಬೆಳೆದ ಕಾಲ, ಮಾರಿದವರ ಹೆಸರು ವಿಳಾಸ, ಸ್ಥಳೀಯ ಕಾನೂನು ಪಾಲಿಸಿದ್ದಕ್ಕೆ ಪುರಾವೆ, ಅದು ಕೇಳುವುದು ಇಷ್ಟನ್ನು. ಕಾರ್ಮಿಕ ಕಾನೂನು ಪಾಲಿಸಿದ್ದೀರಿ ಅಂತ ತೋರಿಸಲು ಲೈನ್ ಮನೆಯಲ್ಲಿರುವ ಪ್ರತಿಯೊಬ್ಬರ ಆಧಾರ್ ಪ್ರತಿ ಬೇಕಿಲ್ಲ. ಮಧ್ಯದಲ್ಲಿರುವ ಯಾರೋ "ಇರಲಿ ಬಿಡಿ, ಮುಂದೆ ಬೇಕಾಗಬಹುದು" ಅಂತ ಫಾರಂಗೆ ಎರಡು ಕಾಲಂ ಸೇರಿಸಿರುತ್ತಾರೆ. ನನ್ನ ಅನುಭವದಲ್ಲಿ ಮಾಹಿತಿ ಸೋರುವುದು ಹ್ಯಾಕರ್‌ಗಳಿಂದ ಕಡಿಮೆ, ಈ "ಇರಲಿ ಬಿಡಿ"ಯಿಂದಲೇ ಜಾಸ್ತಿ.

ಇನ್ನು ಯುರೋಪಿನ ಪ್ರೈವಸಿ ಕಾನೂನು. ಜಿಡಿಪಿಆರ್ ಅಂತ ಕರೆಯುತ್ತಾರೆ. 2018ರ ಮೇ 25ರಿಂದ ಜಾರಿಯಲ್ಲಿದೆ. ಕಾನೂನು ಮುರಿದರೆ 2 ಕೋಟಿ ಯೂರೋ ಅಥವಾ ಜಗತ್ತಿನಾದ್ಯಂತದ ವಾರ್ಷಿಕ ವಹಿವಾಟಿನ ಶೇ. 4, ಎರಡರಲ್ಲಿ ಯಾವುದು ದೊಡ್ಡದೋ ಅಲ್ಲಿಯವರೆಗೆ ದಂಡ. ಇದು ಬರೀ ಬೆದರಿಕೆಯಲ್ಲ. ಫೇಸ್‌ಬುಕ್ ನಡೆಸುವ ಮೆಟಾ ಕಂಪನಿಗೆ 2023ರ ಮೇ ತಿಂಗಳಲ್ಲಿ ಐರ್ಲೆಂಡಿನ ಮಾಹಿತಿ ರಕ್ಷಣಾ ಪ್ರಾಧಿಕಾರ 120 ಕೋಟಿ ಯೂರೋ ದಂಡ ಹಾಕಿತು. ಯುರೋಪಿನ ಜನರ ಮಾಹಿತಿಯನ್ನು ಸರಿಯಾದ ರಕ್ಷಣೆ ಇಲ್ಲದೆ ಅಮೆರಿಕಕ್ಕೆ ಸಾಗಿಸಿದ್ದಕ್ಕೆ.

ಈ ಕಾನೂನಿನ ಒಂದು ವಿಷಯ ನಮ್ಮವರಿಗೆ ಗೊತ್ತೇ ಇಲ್ಲ. ಅದು ಯುರೋಪಿನವರನ್ನು ಮಾತ್ರ ಕಾಯುವ ಕಾನೂನಲ್ಲ. ಮಾಹಿತಿ ಇಟ್ಟುಕೊಂಡ ಕಂಪನಿ ಯುರೋಪಿನಲ್ಲಿದ್ದರೆ ಸಾಕು, ಆ ಮಾಹಿತಿ ಯಾವ ದೇಶದವರದ್ದಾದರೂ ರಕ್ಷಣೆ ಇದೆ. ಅಂದರೆ ನಿಮ್ಮ ಹೆಸರಿನ ಜೊತೆ ನಿಮ್ಮ ತೋಟದ ಜಾಗವೂ ಹ್ಯಾಂಬರ್ಗ್‌ನ ಕಂಪನಿಯೊಂದರ ಕಂಪ್ಯೂಟರಿಗೆ ಹೋಗಿದ್ದರೆ, ಕಳಸದಲ್ಲಿ ಕೂತು ನೀವು ಆ ಕಂಪನಿಗೆ ಬರೆಯಬಹುದು. ನನ್ನ ಬಗ್ಗೆ ನಿಮ್ಮಲ್ಲಿ ಏನಿದೆ, ಯಾರಿಗೆ ಕೊಟ್ಟಿದ್ದೀರಿ, ಎಷ್ಟು ದಿನ ಇಟ್ಟುಕೊಳ್ಳುತ್ತೀರಿ ಅಂತ. ಸಾಮಾನ್ಯವಾಗಿ ಒಂದು ತಿಂಗಳೊಳಗೆ, ದುಡ್ಡು ಕೇಳದೆ ಅವರು ಉತ್ತರ ಕೊಡಬೇಕು. ವ್ಯಕ್ತಿಗಳಿಗೆ ಮಾತ್ರ ಈ ಹಕ್ಕು. ತೋಟ ಕಂಪನಿಯ ಹೆಸರಿನಲ್ಲಿದ್ದರೆ ಇಲ್ಲ. ತಮಾಷೆ ನೋಡಿ, ಅದೇ ಫಾರಂನ ಫೋಟೋ ನಮ್ಮೂರಿನ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಯಾರ್ಯಾರ ಫೋನಿಗೆ ಹೋಗಿದೆ ಅಂತ ಕೇಳಿದರೆ ಉತ್ತರ ಕೊಡುವವರು ಯಾರೂ ಇಲ್ಲ.

ಹೋಂಸ್ಟೇಯವರು ಕೇಳುವ ಪ್ರಶ್ನೆ ಬೇರೆ. ಜರ್ಮನಿಯವರೊಬ್ಬರು ಬಂದು ಎರಡು ರಾತ್ರಿ ಇದ್ದು ಹೋದರೆ ನಮಗೂ ಜಿಡಿಪಿಆರ್ ಬೀಳುತ್ತದಾ ಅಂತ. ಹಾಗೆ ಬೀಳುವುದಿಲ್ಲ. ನಿಮ್ಮ ವೆಬ್‌ಸೈಟ್ ಯುರೋಪಿನಲ್ಲಿ ತೆರೆಯುತ್ತದೆ ಅನ್ನುವ ಕಾರಣಕ್ಕೂ ಬೀಳುವುದಿಲ್ಲ. ಆದರೆ ದರ ಯೂರೋದಲ್ಲಿ ಹಾಕಿ, ಜರ್ಮನ್ ಭಾಷೆಯಲ್ಲಿ ಪುಟ ಮಾಡಿ, ಅಲ್ಲಿಯ ಜನರಿಗೆ ಅಂತಲೇ ಜಾಹೀರಾತು ಕೊಟ್ಟು ಕರೆದರೆ ಆಗ ನೀವು ಅದರ ಬಲೆಯೊಳಗೆ ಬರುತ್ತೀರಿ.

ಈಗ ಸ್ಟ್ಯಾಂಡರ್ಡ್‌ಗಳ ವಿಷಯ. ಐಎಸ್‌ಒ ಸ್ಟ್ಯಾಂಡರ್ಡ್, ಅಂದರೆ ಕೆಲಸ ಹೀಗಿರಬೇಕು ಅನ್ನುವ ಮಾನದಂಡ ಬರೆಯುವ, 1947ರಿಂದ ಇರುವ ಅಂತರರಾಷ್ಟ್ರೀಯ ಸಂಸ್ಥೆ, ಜಿನೀವಾದಲ್ಲಿದೆ, ನಮ್ಮ ದೇಶದಿಂದ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಅದರ ಸದಸ್ಯ. ಮಾಹಿತಿ ಭದ್ರತೆಗೆ 27001, ಪ್ರೈವಸಿಗೆ 27701, ಎಐಗೆ 42001 ಅನ್ನುವ ಸ್ಟ್ಯಾಂಡರ್ಡ್‌ಗಳಿವೆ. ಕೊನೆಯದ್ದು 2023ರ ಡಿಸೆಂಬರಿನಲ್ಲಿ ಬಂತು. ಇವುಗಳಲ್ಲಿ ಯಾವುದೂ ಕಡ್ಡಾಯವಲ್ಲ. ಕಾನೂನು ಕಡ್ಡಾಯ, ಸ್ಟ್ಯಾಂಡರ್ಡ್ ನಿಮ್ಮ ಇಷ್ಟ. ಆದರೆ ದೊಡ್ಡ ಗಿರಾಕಿ ತನ್ನ ಒಪ್ಪಂದದಲ್ಲಿ "ನಮ್ಮ ಜೊತೆ ಕೆಲಸ ಮಾಡುವವರು 27001 ಪಡೆದಿರಬೇಕು" ಅಂತ ಒಂದು ಸಾಲು ಬರೆದರೆ ಆ ಇಷ್ಟ ಅಲ್ಲಿಗೆ ಮುಗಿಯಿತು. ನಮ್ಮಂಥ ಊರುಗಳಿಗೆ ಅಂತರರಾಷ್ಟ್ರೀಯ ನಿಯಮಗಳು ಬರುವ ದಾರಿ ಇದೇ. ಪೊಲೀಸರೂ ಬರುವುದಿಲ್ಲ, ಕೋರ್ಟಿನ ನೋಟಿಸೂ ಬರುವುದಿಲ್ಲ. ಗಿರಾಕಿಯ ಇಮೇಲಿಗೆ ಅಂಟಿಸಿದ ನಲವತ್ತು ಪುಟದ ಒಪ್ಪಂದ ಬರುತ್ತದೆ. ನಾವು ಕೊನೆಯ ಪುಟ ತೆಗೆದು ಸಹಿ ಹಾಕಿ ಕಳಿಸುತ್ತೇವೆ.

ಹಾಸನದಲ್ಲೋ ಇಲ್ಲೋ ಸಣ್ಣ ಸಾಫ್ಟ್‌ವೇರ್ ಅಂಗಡಿ ಇಟ್ಟುಕೊಂಡ ಹುಡುಗರಿಗೆ ನಾನು ಹೇಳುವುದು ಒಂದೇ. ಆ ಪುಟಗಳಲ್ಲಿ ಮೂರು ವಿಷಯ ಹುಡುಕಿ. ಮಾಹಿತಿ ಸೋರಿದರೆ ಎಷ್ಟು ಗಂಟೆಯೊಳಗೆ ತಿಳಿಸಬೇಕು, ಕೆಲಸ ಮುಗಿದ ಮೇಲೆ ಮಾಹಿತಿಯನ್ನು ಏನು ಮಾಡಬೇಕು, ನಷ್ಟವಾದರೆ ಎಷ್ಟರವರೆಗೆ ಕಟ್ಟಿಕೊಡಬೇಕು. ಜಿಡಿಪಿಆರ್ ಪ್ರಕಾರ ಕಂಪನಿಯು ಪ್ರಾಧಿಕಾರಕ್ಕೆ 72 ಗಂಟೆಯೊಳಗೆ ತಿಳಿಸಬೇಕು. ಹಾಗಾಗಿ ಅವರು ನಿಮಗೆ ಕೊಡುವುದು ಇಪ್ಪತ್ತನಾಲ್ಕೋ ನಲವತ್ತೆಂಟೋ ಗಂಟೆ ಮಾತ್ರ. ಮೂರನೆಯದಕ್ಕೆ ಮಿತಿ ಇಲ್ಲದಿದ್ದರೆ ಸಹಿ ಹಾಕಬೇಡಿ. ಕೆಲಸ ಹೋದರೆ ಹೋಗಲಿ.

ಇನ್ನೊಂದು ಮಾತು. "ಸಾರ್, ಐಎಸ್‌ಒ ಮಾಡಿಸಿಕೊಡ್ತೀವಿ, ಮೂರು ದಿನದಲ್ಲಿ ಸರ್ಟಿಫಿಕೇಟ್" ಅಂತ ಫೋನ್ ಮಾಡುವವರಿದ್ದಾರೆ. ಐಎಸ್‌ಒ ಸ್ವತಃ ಯಾರಿಗೂ ಸರ್ಟಿಫಿಕೇಟ್ ಕೊಡುವುದಿಲ್ಲ. ಅದು ಸ್ಟ್ಯಾಂಡರ್ಡ್ ಬರೆಯುತ್ತದೆ, ಅಷ್ಟೇ. ಪರೀಕ್ಷೆ ಮಾಡಿ ಕೊಡುವವರು ಬೇರೆ ಸಂಸ್ಥೆಗಳು. ಆ ಸಂಸ್ಥೆಗಳಿಗೆ ಮಾನ್ಯತೆ ಕೊಡಲು ನಮ್ಮಲ್ಲಿ ಎನ್‌ಎಬಿಸಿಬಿ ಇದೆ. ಮಾನ್ಯತೆ ಇಲ್ಲದವರ ಕಾಗದಕ್ಕೆ ಫ್ರೇಮು ಹಾಕಿಸಿದ ದುಡ್ಡೂ ವ್ಯರ್ಥ. ಆರು ಕೋಣೆಯ ಹೋಂಸ್ಟೇಗಂತೂ ಅಸಲಿ ಸರ್ಟಿಫಿಕೇಟೂ ಬೇಕಿಲ್ಲ.

ಇನ್ನು ಎಐ. ಎಲ್ಲ ಎಐಯೂ ಪ್ರೈವಸಿಯ ಸಮಸ್ಯೆ ಅಲ್ಲ. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕರಿ ಬೀಜ ಬೇರೆ ಮಾಡುವ ಕಲರ್ ಸಾರ್ಟರ್ ಕ್ಯಾಮೆರಾದಿಂದ ನೋಡುತ್ತದೆ. ಕಾಫಿ ಬೀಜಕ್ಕೆ ಖಾಸಗಿತನ ಇಲ್ಲ. ಎಲೆಯ ಫೋಟೋ ನೋಡಿ ರೋಗ ಹೇಳುವ ಆ್ಯಪ್‌ಗೂ ಹೆದರಬೇಕಿಲ್ಲ. ಮನುಷ್ಯನ ಮಾಹಿತಿ ಒಳಗೆ ಹೋದಾಗ, ಮನುಷ್ಯನ ಬಗ್ಗೆ ತೀರ್ಮಾನ ಹೊರಗೆ ಬಂದಾಗ ಮಾತ್ರ ಎಚ್ಚರ ಬೇಕು.

ಒಳಗೆ ಹೋಗುವ ಕಥೆ ಮೊದಲು. ಸೀಸನ್ ಮುಗಿದ ಮೇಲೆ ಹೋಂಸ್ಟೇಯವರು ಅತಿಥಿಗಳ ಪಟ್ಟಿಯ ಎಕ್ಸೆಲ್ ಫೈಲನ್ನು ಎಐ ಚಾಟ್‌ಗೆ ಹಾಕಿ "ಯಾವ ಊರಿನವರು ಜಾಸ್ತಿ ಬಂದಿದ್ದಾರೆ ಹೇಳು" ಅಂತ ಕೇಳುತ್ತಾರೆ. ಅರ್ಧ ನಿಮಿಷದಲ್ಲಿ ಉತ್ತರ ಸಿಗುತ್ತದೆ. ಆದರೆ ಹೆಸರು, ಫೋನ್, ಹುಟ್ಟಿದ ದಿನ, ಪಾಸ್‌ಪೋರ್ಟ್ ನಂಬರ್ ಎಲ್ಲವೂ ಆ ಫೈಲಿನ ಜೊತೆ ಹೋಯಿತು. ಎಷ್ಟೋ ಎಐ ಸೇವೆಗಳ ಸಾಮಾನ್ಯ ಖಾತೆಗಳಲ್ಲಿ ನೀವು ಹಾಕಿದ್ದನ್ನು ಮುಂದಿನ ತರಬೇತಿಗೆ ಬಳಸುವ ಆಯ್ಕೆ ಮೊದಲಿನಿಂದಲೇ ಆನ್ ಇರುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ಆಫ್ ಮಾಡಬೇಕು. ಫೋಲ್ಡರಿನಲ್ಲಿರುವ ಫೈಲನ್ನು ಅಳಿಸಬಹುದು. ತರಬೇತಿಯಲ್ಲಿ ಬೆರೆತದ್ದನ್ನು ತೆಗೆಯುವುದು ಹಾಗಲ್ಲ, ಸಾರಿಗೆ ಬಿದ್ದ ಉಪ್ಪಿನ ಹಾಗೆ. ಬೆರೆತದ್ದನ್ನು ಮರೆಸುವುದು ಹೇಗೆ ಅಂತ ಸಂಶೋಧಕರು ಇನ್ನೂ ಒದ್ದಾಡುತ್ತಿದ್ದಾರೆ. ಮೇಲಿನ ಕೆಲಸಕ್ಕೆ ಊರಿನ ಕಾಲಂ ಒಂದನ್ನೇ ಕಾಪಿ ಮಾಡಿ ಹಾಕಿದ್ದರೂ ಅದೇ ಉತ್ತರ ಬರುತ್ತಿತ್ತು.

ಸರ್ಕಾರಗಳೂ ಈ ಪ್ರಶ್ನೆಯನ್ನು ಬೇಗ ಎತ್ತಿದವು. 2023ರ ಮಾರ್ಚ್ ಕೊನೆಯಲ್ಲಿ ಇಟಲಿಯ ಪ್ರಾಧಿಕಾರ ಚಾಟ್‌ಜಿಪಿಟಿಗೆ ತಡೆ ಹಾಕಿತು. ಜನರ ಮಾಹಿತಿಯನ್ನು ತರಬೇತಿಗೆ ಬಳಸಲು ಕಾನೂನಿನ ಆಧಾರ ಏನು, ಮಕ್ಕಳು ಬಳಸದಂತೆ ವಯಸ್ಸು ಯಾಕೆ ನೋಡುವುದಿಲ್ಲ ಅಂತ ಕೇಳಿತು. ಕಂಪನಿ ಕೆಲವು ಬದಲಾವಣೆ ಮಾಡಿ ತಿಂಗಳೊಳಗೆ ವಾಪಸ್ ಬಂತು. ಇಂಟರ್‌ನೆಟ್ಟಿನಿಂದ ಜನರ ಮುಖಗಳ ಫೋಟೋ ಬಾಚಿಕೊಂಡು ಮುಖ ಹುಡುಕುವ ವ್ಯವಸ್ಥೆ ಮಾಡಿದ ಕ್ಲಿಯರ್‌ವ್ಯೂ ಅನ್ನುವ ಕಂಪನಿಗೆ 2024ರಲ್ಲಿ ನೆದರ್ಲೆಂಡ್ಸ್ 3.05 ಕೋಟಿ ಯೂರೋ ದಂಡ ಹಾಕಿತು. ಅತಿಥಿಗಳ ಜೊತೆ ನಿಂತು ತೆಗೆದ ಫೋಟೋಗಳನ್ನು, ಅವರ ಮಕ್ಕಳ ಫೋಟೋಗಳನ್ನೂ ಸೇರಿಸಿ, ಕೇಳದೆ ಫೇಸ್‌ಬುಕ್ಕಿಗೆ ಹಾಕುವ ಮುಂಚೆ ಇದನ್ನು ನೆನಪಿಡಿ.

ತೀರ್ಮಾನ ಹೊರಗೆ ಬರುವ ಕಥೆಗೆ ಅಮೆಜಾನ್ ಒಂದು ಹಳೆಯ ಉದಾಹರಣೆ. ಕೆಲಸಕ್ಕೆ ಬಂದ ಅರ್ಜಿಗಳಿಗೆ ಅಂಕ ಕೊಡುವ ಯಂತ್ರವನ್ನು ಅವರು ಮಾಡಿ ನೋಡಿದರು ಅಂತ 2018ರಲ್ಲಿ ವರದಿಯಾಯಿತು. ಹಿಂದಿನ ಹತ್ತು ವರ್ಷದ ಅರ್ಜಿಗಳನ್ನು ಅದಕ್ಕೆ ಕಲಿಸಿದ್ದರು. ಆ ಅರ್ಜಿಗಳಲ್ಲಿ ಗಂಡಸರೇ ಜಾಸ್ತಿ. ಹೆಂಗಸರಿಗೆ ಕಡಿಮೆ ಅಂಕ ಕೊಡುವುದನ್ನು ಅದು ತಾನಾಗಿಯೇ ಕಲಿತುಬಿಟ್ಟಿತು. ಕೊನೆಗೆ ಕಂಪನಿ ಅದನ್ನು ಕೈಬಿಟ್ಟಿತು. ಇಂಥದ್ದಕ್ಕೇ ಯುರೋಪು ಎಐಗೆ ಬೇರೆ ಕಾನೂನು ಮಾಡಿದೆ. 2024ರ ಆಗಸ್ಟ್ 1ರಂದು ಅಸ್ತಿತ್ವಕ್ಕೆ ಬಂತು, ಹಂತ ಹಂತವಾಗಿ ಜಾರಿಯಾಗುತ್ತಿದೆ. ಜನರ ನಡವಳಿಕೆಗೆ ಅಂಕ ಕೊಟ್ಟು ಆಮೇಲೆ ಅವರಿಗೆ ತೊಂದರೆ ಕೊಡುವುದು, ಕೆಲಸದ ಜಾಗದಲ್ಲಿ ಮತ್ತು ಶಾಲೆಯಲ್ಲಿ ಮುಖ ನೋಡಿ ಭಾವನೆ ಅಳೆಯುವುದು, ಇಂಥವನ್ನು 2025ರ ಫೆಬ್ರವರಿಯಿಂದಲೇ ನಿಷೇಧಿಸಿದ್ದಾರೆ. ದಂಡ 3.5 ಕೋಟಿ ಯೂರೋ ಅಥವಾ ವಹಿವಾಟಿನ ಶೇ. 7ರವರೆಗೆ. ಕೆಲಸಕ್ಕೆ ಆರಿಸುವ, ಸಾಲ ಕೊಡಬಹುದೇ ಅಂತ ಅಳೆಯುವ ಎಐ ನಿಷೇಧ ಅಲ್ಲ, ಆದರೆ ಹೆಚ್ಚು ಅಪಾಯದ ಗುಂಪಿನಲ್ಲಿದೆ. ಮನುಷ್ಯರ ಮೇಲ್ವಿಚಾರಣೆ ಇರಬೇಕು, ಲೆಕ್ಕಪತ್ರ ಇಡಬೇಕು. ನೀವು ಹಾಸನದಲ್ಲಿ ಕೂತು ಮಾಡಿದ ಇಂಥ ಎಐನ ಫಲಿತಾಂಶ ಯುರೋಪಿನಲ್ಲಿ ಬಳಕೆಯಾದರೆ ನಿಮಗೂ ಈ ಕಾನೂನು ತಾಗಬಹುದು.

ನಮ್ಮ ದೇಶದಲ್ಲಿ ಎಐಗೆ ಅಂತಲೇ ಪ್ರತ್ಯೇಕ ಕಾಯ್ದೆ ಇನ್ನೂ ಇಲ್ಲ. ಕರ್ನಾಟಕ 2025ರಲ್ಲಿ ಮಾಡಿದ ಗಿಗ್ ಕಾರ್ಮಿಕರ ಕಾನೂನಿನಲ್ಲಿ ಸ್ವಲ್ಪ ಸುಳಿವಿದೆ. ಆ್ಯಪ್ ತಾನೇ ತೀರ್ಮಾನ ಮಾಡುವಾಗ ಯಾವ ಲೆಕ್ಕ ಹಿಡಿಯುತ್ತದೆ ಅಂತ ಕೆಲಸಗಾರರಿಗೆ ತಿಳಿಸಬೇಕು ಅನ್ನುತ್ತದೆ. ಊಟ ತಂದುಕೊಡುವ ಹುಡುಗರು ಇಲ್ಲೂ ಇದ್ದಾರಲ್ಲ, ಅವರಿಗೆ ಇದನ್ನು ಯಾರಾದರೂ ಹೇಳಬೇಕು.

ಪ್ರೈವಸಿಗೆ ಮಾತ್ರ ಈಗ ಕಾಯ್ದೆ ಇದೆ. 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂದರು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅನ್ನುವುದು ನಮಗೆ ಹೆಮ್ಮೆ. ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಬಂದದ್ದು 2023ರ ಆಗಸ್ಟಿನಲ್ಲಿ, ಅದರ ನಿಯಮಗಳು 2025ರ ನವೆಂಬರಿನಲ್ಲಿ. ವ್ಯಾಪಾರ ಮಾಡುವವರ ಮೇಲಿನ ಮುಖ್ಯ ಹೊಣೆಗಳು ಆ ನವೆಂಬರಿನಿಂದ ಹದಿನೆಂಟು ತಿಂಗಳ ನಂತರ, ಅಂದರೆ 2027ರ ಮೇ ತಿಂಗಳಲ್ಲಿ ಜಾರಿಯಾಗುತ್ತವೆ.

ಈ ಕಾಯ್ದೆ ಡಿಜಿಟಲ್ ಮಾಹಿತಿಗೆ ಮಾತ್ರ. ತೋಟದ ರೈಟರ್ ಬಳಿ ಇರುವ, ಕೂಲಿಯವರ ಹಾಜರಿ ಬರೆಯುವ ಚೆಕ್‌ರೋಲ್ ಪುಸ್ತಕ ಇದರಲ್ಲಿ ಬರುವುದಿಲ್ಲ. ಅದರ ಫೋಟೋ ತೆಗೆದು ಮಾಲೀಕರಿಗೆ ವಾಟ್ಸ್ಆ್ಯಪ್ ಮಾಡಿದರೆ ಬರುತ್ತದೆ. ಸಿಸಿ ಕ್ಯಾಮೆರಾದಲ್ಲಿ ಸೆರೆಯಾದ ಮುಖಗಳೂ ಬರುತ್ತವೆ. ಇನ್ನೊಂದು ಮುಖ್ಯ ಅಂಶ, ಹೊಣೆಯನ್ನು ಬೇರೆಯವರ ತಲೆಗೆ ಕಟ್ಟಲಾಗದು. ಕ್ಯಾಮೆರಾ ಹಾಕಿದವನೋ ಬಿಲ್ಲಿಂಗ್ ಸಾಫ್ಟ್‌ವೇರ್ ಕೊಟ್ಟವನೋ ತಪ್ಪು ಮಾಡಿದರೂ ಕಾಯ್ದೆ ಮೊದಲು ಕೇಳುವುದು ಅವರಿಂದ ಆ ಕೆಲಸ ಮಾಡಿಸಿಕೊಂಡ ನಿಮ್ಮನ್ನು.

ಹೋಂಸ್ಟೇಯಲ್ಲಿ ಈಗ ನಡೆಯುವುದನ್ನು ನೋಡೋಣ. ಅತಿಥಿ ಬರುವ ಮುಂಚೆಯೇ "ಆಧಾರ್ ಕಳಿಸಿ ಸಾರ್" ಅಂತ ಮೆಸೇಜ್ ಹೋಗುತ್ತದೆ. ಫೋಟೋ ಮಾಲೀಕರ ಫೋನಿನಲ್ಲಿ, ಮ್ಯಾನೇಜರ್ ಫೋನಿನಲ್ಲಿ, ಇಬ್ಬರ ಗ್ಯಾಲರಿಯಲ್ಲಿ, ಮತ್ತೆ ಇಬ್ಬರ ಕ್ಲೌಡ್ ಬ್ಯಾಕಪ್‌ನಲ್ಲಿ ಕೂರುತ್ತದೆ. ವರ್ಷಗಟ್ಟಲೆ. ಮ್ಯಾನೇಜರ್ ಕೆಲಸ ಬಿಟ್ಟು ಹೋದರೂ ಫೋಟೋ ಅವನ ಜೊತೆಗೇ ಹೋಗುತ್ತದೆ. ಮುಳ್ಳಯ್ಯನಗಿರಿಯ ಹತ್ತಿರ ಆ ಫೋನ್ ಬಿದ್ದು ಕಳೆದುಹೋದರೆ, ಹೊಸ ಕಾಯ್ದೆಯ ಪ್ರಕಾರ ಅದು ಮಾಹಿತಿ ಸೋರಿಕೆ ಆಗಬಹುದು. ಆಗ ಆ ಅತಿಥಿಗಳಿಗೆಲ್ಲ ತಡಮಾಡದೆ ತಿಳಿಸಬೇಕು. ಈ ಕಾಯ್ದೆ ನೋಡಿಕೊಳ್ಳುವ ಡೇಟಾ ಸಂರಕ್ಷಣಾ ಮಂಡಳಿಗೂ ಕೂಡಲೇ ತಿಳಿಸಿ, ಪೂರ್ತಿ ವಿವರವನ್ನು 72 ಗಂಟೆಯೊಳಗೆ ಕೊಡಬೇಕು.

ಸರಿಯಾದ ದಾರಿ ಕಷ್ಟದ್ದೇನಲ್ಲ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಆಧಾರ್ ಇದೆ, ಅದನ್ನು ಕೇಳಿ. ಅಥವಾ ಕಾರ್ಡ್ ನೋಡಿ, ರಿಜಿಸ್ಟರಿನಲ್ಲಿ ಬರೆದುಕೊಂಡು, ವಾಪಸ್ ಕೊಡಿ. ವಿದೇಶಿಯರ ವಿಷಯ ಬೇರೆ, ಅವರು ಬಂದ ಮಾಹಿತಿಯನ್ನು ಆನ್‌ಲೈನಿನಲ್ಲಿ ಸರ್ಕಾರಕ್ಕೆ ಕೊಡಲೇಬೇಕು. ಆಧಾರ್ ವಿಷಯದಲ್ಲಿ ಸರ್ಕಾರದವರೇ ಒಮ್ಮೆ ಗೊಂದಲ ಮಾಡಿಕೊಂಡಿದ್ದರು. 2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿ, ಪ್ರತಿಯನ್ನು ಸಿಕ್ಕಸಿಕ್ಕವರಿಗೆ ಕೊಡಬೇಡಿ, ಮಾಸ್ಕ್ ಮಾಡಿದ್ದನ್ನು ಬಳಸಿ ಅಂತ ಪ್ರಕಟಣೆ ಕೊಟ್ಟಿತು. ಎರಡೇ ದಿನದಲ್ಲಿ, ಜನ ತಪ್ಪು ತಿಳಿಯಬಹುದು ಅಂತ ದೆಹಲಿಯಿಂದ ಅದನ್ನು ವಾಪಸ್ ತೆಗೆದುಕೊಂಡರು. ನನ್ನ ಪ್ರಕಾರ ಬೆಂಗಳೂರಿನವರು ಹೇಳಿದ್ದೇ ಸರಿ.

ದಂಡದ ಅಂಕಿ ಕೇಳಿ ಗಾಬರಿಯಾಗಬೇಡಿ. 250 ಕೋಟಿ ರೂಪಾಯಿ ಅನ್ನುವುದು ಗರಿಷ್ಠ ಮಿತಿ. ತಪ್ಪು ಎಷ್ಟು ದೊಡ್ಡದು, ಎಷ್ಟು ಜನರಿಗೆ ತೊಂದರೆಯಾಯಿತು, ಸರಿಪಡಿಸಲು ಏನು ಮಾಡಿದಿರಿ ಅಂತ ನೋಡಿ ಮಂಡಳಿ ನಿರ್ಧರಿಸುತ್ತದೆ. ನನಗೆ ಸಿಟ್ಟು ಬರುವುದು ಬೇರೆ ಕಡೆ. ಆ ದಂಡ ಪೂರ್ತಿ ಸರ್ಕಾರದ ಬೊಕ್ಕಸಕ್ಕೆ ಹೋಗುತ್ತದೆ. ಮಾಹಿತಿ ಕಳೆದುಕೊಂಡವರಿಗೆ ಈ ಕಾಯ್ದೆಯಲ್ಲಿ ಬಿಡಿಗಾಸೂ ಇಲ್ಲ. ಹಳೆಯ ಐಟಿ ಕಾಯ್ದೆಯ 43ಎ ಕಲಂನಲ್ಲಿ ಪರಿಹಾರ ಕೇಳುವ ದಾರಿಯಾದರೂ ಇತ್ತು. ಹೊಸ ಕಾಯ್ದೆ ಅದನ್ನೂ ತೆಗೆದುಹಾಕುತ್ತದೆ.

ಕಾಯ್ದೆಯಲ್ಲಿ ನನಗೆ ತುಂಬ ಇಷ್ಟವಾದ ಭಾಗ ಒಂದಿದೆ. ನಿಮ್ಮ ಒಪ್ಪಿಗೆ ಕೇಳುವ ನೋಟಿಸನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಯಾವ ಭಾಷೆಯಲ್ಲಾದರೂ ಓದುವ ಆಯ್ಕೆ ಕೊಡಬೇಕು. ಕನ್ನಡವೂ ಅದರಲ್ಲಿದೆ. ಸಾಲದ ಆ್ಯಪ್ ಆಗಲಿ, ಆಸ್ಪತ್ರೆಯಾಗಲಿ, ಒಪ್ಪಿಗೆಯ ಪುಟವನ್ನು ಕನ್ನಡದಲ್ಲಿ ಕೊಡಿ ಅಂತ ಕೇಳುವುದು ಇನ್ನು ನಿಮ್ಮ ಹಕ್ಕಾಗುತ್ತದೆ. ಹಾಗೆಯೇ, ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಅದನ್ನು ವಾಪಸ್ ತೆಗೆದುಕೊಳ್ಳಲು ಆಗಬೇಕು ಅಂತಲೂ ಕಾಯ್ದೆ ಹೇಳುತ್ತದೆ. ಒಂದು ಬಟನ್ ಒತ್ತಿ ಸೇರಿಸಿಕೊಂಡವರು, ಬಿಡಲು ಹೊರಟಾಗ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಅನ್ನುವಂತಿಲ್ಲ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಬರೆಯುತ್ತೇನೆ.

ಮೂಡಿಗೆರೆ ಕಡೆಯ ಹಿರಿಯ ಬೆಳೆಗಾರರೊಬ್ಬರು ಎದ್ದು ನಿಂತು ಕೇಳಿದರು. "ಅಲ್ಲಾ ಸಾರ್, ನನ್ನ ಪಹಣಿ ಭೂಮಿ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು. ಇನ್ನು ನಾನು ಮುಚ್ಚಿಡುವುದು ಏನನ್ನ?" ಒಳ್ಳೆಯ ಪ್ರಶ್ನೆ. ಕಾನೂನಿನ ಪ್ರಕಾರ ಬಹಿರಂಗ ಮಾಡಲೇಬೇಕಾದ ದಾಖಲೆಗೆ ಹೊಸ ಕಾಯ್ದೆ ಅನ್ವಯಿಸುವುದಿಲ್ಲ. ಆದರೆ ಪಹಣಿಯಲ್ಲಿ ನಿಮ್ಮ ಫೋನ್ ನಂಬರ್ ಇಲ್ಲ, ಯಾವ ತಿಂಗಳು ಎಷ್ಟು ಚೀಲ ಪಾರ್ಚ್‌ಮೆಂಟ್ ಗೋದಾಮಿನಲ್ಲಿದೆ ಅನ್ನುವುದೂ ಇಲ್ಲ. ಬಿಡಿಬಿಡಿಯಾಗಿ ಇದ್ದಾಗ ಯಾವುದಕ್ಕೂ ಬೆಲೆ ಇಲ್ಲ. ಒಂದೇ ಕಡೆ ಸೇರಿಸಿದರೆ, ಯಾರಿಗೆ ದುಡ್ಡಿನ ಅಡಚಣೆ, ಯಾರು ಕಡಿಮೆ ಬೆಲೆಗೆ ಒಪ್ಪುತ್ತಾರೆ ಅಂತ ಖರೀದಿದಾರ ಲೆಕ್ಕ ಹಾಕಬಹುದು. ಹಾಗೆ ಸೇರಿಸಿ ಲೆಕ್ಕ ಹಾಕುವುದರಲ್ಲೇ ಎಐ ನಿಪುಣ. ಅವರು "ಹಾಗಾದ್ರೆ ದಲ್ಲಾಳಿ ಬಾಯಿಗೆ ಬೀಗ ಹಾಕೋಕೂ ಕಾನೂನು ತನ್ನಿ" ಅಂದರು. ಸಭೆ ನಕ್ಕಿತು.

ತೋಟದಲ್ಲಿ ಮುಖ ನೋಡಿ ಹಾಜರಿ ಹಾಕುವ ಯಂತ್ರ ತಂದಿದ್ದೇವೆ, ಕೂಲಿಯವರ ಒಪ್ಪಿಗೆ ಬೇಕಾ ಅಂತ ಒಬ್ಬರು ಕೇಳಿದರು. ಉದ್ಯೋಗದ ಉದ್ದೇಶಕ್ಕೆ ಒಪ್ಪಿಗೆ ಇಲ್ಲದೆಯೂ ಮಾಹಿತಿ ಬಳಸಲು ಕಾಯ್ದೆಯಲ್ಲಿ ಅವಕಾಶ ಇದೆ. ಭದ್ರವಾಗಿ ಇಡುವ ಹೊಣೆಯಿಂದ ಮಾತ್ರ ಬಿಡುಗಡೆ ಇಲ್ಲ. ಅಸ್ಸಾಮಿನಿಂದ ಬಂದವರು ಒಂದು ಕೊಯ್ಲು ಮುಗಿಸಿ ಹೋಗುತ್ತಾರೆ. ಪಾಸ್‌ವರ್ಡ್ ಕದ್ದರೆ ಬದಲಾಯಿಸಬಹುದು, ಮುಖ ಬದಲಾಯಿಸಲು ಆಗಲ್ಲ. ಅವರ ಲೆಕ್ಕ ಚುಕ್ತಾ ಮಾಡಿದ ಮೇಲೆ ಯಂತ್ರದಿಂದಲೂ ಅವರನ್ನು ತೆಗೆಯಿರಿ. ಯಂತ್ರ ಕೊಟ್ಟವರ ಸರ್ವರಿನಲ್ಲಿ ಪ್ರತಿ ಉಳಿಯುತ್ತದಾ ಅಂತ ಬರವಣಿಗೆಯಲ್ಲಿ ಕೇಳಿ.

ಕೊನೆಯ ಪ್ರಶ್ನೆ ಕಾನೂನು ಓದುತ್ತಿರುವ ಹುಡುಗಿಯದು. ಪ್ರೈವಸಿ ಕಾಯ್ದೆಯ ನೆಪದಲ್ಲಿ ಮಾಹಿತಿ ಹಕ್ಕನ್ನು ಮೊಟಕು ಮಾಡಿದ್ದಾರಲ್ಲ, ಅದರ ಬಗ್ಗೆ ಯಾಕೆ ಮಾತಾಡಲಿಲ್ಲ ಅಂತ. ಹೌದು, ಮಾಡಿದ್ದಾರೆ. ವೈಯಕ್ತಿಕ ಮಾಹಿತಿಯಾದರೂ ಸಾರ್ವಜನಿಕ ಹಿತ ಇದ್ದರೆ ಕೊಡಬೇಕು ಅನ್ನುವ ಮಾತು ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಯಲ್ಲಿ ಇತ್ತು. ಈ ಕಾಯ್ದೆ ಅದನ್ನು ಅಲ್ಲಿಂದ ತೆಗೆದಿದೆ. ಗ್ರಾಮ ಪಂಚಾಯಿತಿಯ ಫಲಾನುಭವಿ ಪಟ್ಟಿ ಕೇಳಿದರೂ "ವೈಯಕ್ತಿಕ ಮಾಹಿತಿ" ಅಂತ ಅರ್ಜಿ ವಾಪಸ್ ಬರುವ ಅಪಾಯ ಇದೆ. ಇದು ತಪ್ಪು ಅಂತಲೇ ನನ್ನ ಅಭಿಪ್ರಾಯ. ಆದರೆ ಅದೇ ಕಾಯ್ದೆಯ 8(2) ಇನ್ನೂ ಉಳಿದಿದೆ. ಕೊಡುವುದರಿಂದ ಆಗುವ ಹಾನಿಗಿಂತ ಸಾರ್ವಜನಿಕ ಹಿತ ದೊಡ್ಡದಿದ್ದರೆ ಅಧಿಕಾರಿ ಮಾಹಿತಿ ಕೊಡಬಹುದು ಅನ್ನುತ್ತದೆ ಅದು. ಅರ್ಜಿ ಬರೆಯುವಾಗ 8(2)ರ ಹೆಸರು ಹೇಳಿ, ಸಾರ್ವಜನಿಕ ಹಿತ ಯಾವುದು ಅಂತ ಎರಡು ಸಾಲು ಮೊದಲೇ ಬರೆಯಿರಿ. ಆಗ ನಿರಾಕರಿಸಿದರೂ ಕಾರಣ ಕೊಡಬೇಕಾಗುತ್ತದೆ, ಆ ಕಾರಣದ ಮೇಲೆ ಮೇಲ್ಮನವಿ ಹಾಕಬಹುದು.